ಮನೆಗೂ ನಕ್ಷತ್ರ: ಬಾಡಿಗೆ ಕಟ್ಟಡಗಳ ಶಕ್ತಿ ದಕ್ಷತೆಯನ್ನು ಅಳೆಯುವ ಬಗೆ

ನಮ್ಮ ಸದಸ್ಯರಲ್ಲಿ ಅನೇಕರು ಅಂಗಡಿಯ ಮೇಲಿನ ಮಹಡಿಗಳಲ್ಲಿ ಎರಡು ಮೂರು ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟವರು. ಇನ್ನು ಕೆಲವರು ಆ ಮನೆಗಳಿಗೆ ಬೇಕಾದ ಹಂಚು, ಕಿಟಕಿ, ಬಣ್ಣ, ಫ್ಯಾನು, ಹವಾನಿಯಂತ್ರಕಗಳನ್ನು ತಯಾರಿಸುವವರು ಅಥವಾ ಮಾರುವವರು. ಕುಂದಾಪುರ, ಬೈಂದೂರು, ಬ್ರಹ್ಮಾವರ ಪೇಟೆಗಳಲ್ಲಿ ಮಾರ್ಚ್ ತಿಂಗಳು ಬಂತೆಂದರೆ ಬಾಡಿಗೆದಾರರ ದೂರು ಒಂದೇ: ಮೇಲಿನ ಮನೆಯಲ್ಲಿ ಸೆಕೆ ತಡೆಯಲಾಗದು, ಕರೆಂಟ್ ಬಿಲ್ಲು ಕಟ್ಟಲಾಗದು. ಇದಕ್ಕೆ ನಾವು ಸಾಮಾನ್ಯವಾಗಿ ಕೊಡುವ ಉತ್ತರವೂ ಒಂದೇ: ಫೈವ್ ಸ್ಟಾರ್ ಎ.ಸಿ. ಹಾಕಿಸಿಕೊಳ್ಳಿ. ಈ ಉತ್ತರ ಅರ್ಧ ಮಾತ್ರ ಸರಿ ಎಂಬುದನ್ನು ಲೆಕ್ಕದ ಮೂಲಕ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪೆಟ್ಟಿಗೆಯ ಮೇಲಿನ ನಕ್ಷತ್ರವನ್ನು ಓದಲು ಕಲಿತ ನಾವು ಮನೆಯ ನಕ್ಷತ್ರವನ್ನು ಓದಲು ಇನ್ನೂ ಕಲಿತಿಲ್ಲ.

ನಕ್ಷತ್ರ ಬಂದ ದಾರಿ

ಕೇಂದ್ರ ಸರಕಾರವು 2001ರಲ್ಲಿ ಶಕ್ತಿ ಸಂರಕ್ಷಣಾ ಕಾಯಿದೆಯನ್ನು ಜಾರಿಗೆ ತಂದಿತು. ಅದರ ಅಡಿಯಲ್ಲಿ 2002ರ ಮಾರ್ಚ್ 1ರಂದು ಶಕ್ತಿ ದಕ್ಷತಾ ಮಂಡಳಿ, ಎಂದರೆ ವ್ಯವಹಾರದಲ್ಲಿ ನಾವು 'ಬಿಇಇ' ಎಂದು ಕರೆಯುವ ಸಂಸ್ಥೆ ಅಸ್ತಿತ್ವಕ್ಕೆ ಬಂದಿತು. ಸಾಧನಗಳಿಗೆ ನಕ್ಷತ್ರ ನೀಡುವ ಯೋಜನೆ ಆರಂಭವಾದುದು 2006ರಲ್ಲಿ. 2010ರ ಜನವರಿಯಿಂದ ಕೋಣೆಯ ಹವಾನಿಯಂತ್ರಕ ಹಾಗೂ ಫ್ರಾಸ್ಟ್ ಫ್ರೀ ರೆಫ್ರಿಜರೇಟರುಗಳಿಗೆ, 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೆ ಇದು ಕಡ್ಡಾಯವಾಯಿತು. ಕಡ್ಡಾಯ ಪಟ್ಟಿಯಲ್ಲಿರುವ ಸಾಧನವನ್ನು ಲೇಬಲ್ ಇಲ್ಲದೆ ಮಾರುವುದು ಕಾಯಿದೆಯ ಪ್ರಕಾರ ದಂಡಾರ್ಹ ಅಪರಾಧ. ಹಳೆಯ ಫ್ಯಾನುಗಳ ದಾಸ್ತಾನು ಅಟ್ಟದಲ್ಲಿ ಉಳಿದಿರುವ ವರ್ತಕರು ಇದನ್ನು ಗಮನಿಸಬೇಕು.

ಮನೆಗಳ ಸರದಿ ಬಂದುದು ತಡವಾಗಿ. ವಸತಿ ಕಟ್ಟಡಗಳ ಸಂಹಿತೆಯಾದ 'ಇಕೋ ನಿವಾಸ್ ಸಂಹಿತಾ'ದ ಮೊದಲ ಭಾಗವನ್ನು 2018ರ ಡಿಸೆಂಬರ್ 14ರಂದು, ರಾಷ್ಟ್ರೀಯ ಶಕ್ತಿ ಸಂರಕ್ಷಣಾ ದಿನದಂದು, ಬಿಡುಗಡೆ ಮಾಡಲಾಯಿತು. ಮರುವರ್ಷ ಮನೆಗಳಿಗೂ ಒಂದರಿಂದ ಐದರವರೆಗೆ ನಕ್ಷತ್ರ ನೀಡುವ ಲೇಬಲ್ ಯೋಜನೆಯನ್ನು ಪ್ರಕಟಿಸಲಾಯಿತು. ಇದು ಸ್ವಯಂಪ್ರೇರಿತವಾದುದು, ಬಾಡಿಗೆ ಕರಾರಿಗೆ ಇದನ್ನು ಲಗತ್ತಿಸಬೇಕೆಂಬ ನಿಯಮ ನಮ್ಮಲ್ಲಿಲ್ಲ. ಬ್ರಿಟನ್ನಿನಲ್ಲಿ ಸ್ಥಿತಿ ಬೇರೆ. ಅಲ್ಲಿ ಮನೆಗಳಿಗೆ ಎ ಯಿಂದ ಜಿ ವರೆಗೆ ಶ್ರೇಣಿ ಕೊಡುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2018ರ ಏಪ್ರಿಲ್ 1ರಿಂದ 'ಇ' ಶ್ರೇಣಿಗಿಂತ ಕೆಳಗಿನ ಮನೆಯನ್ನು, ಕೆಲವು ವಿನಾಯಿತಿಗಳ ಹೊರತು, ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ. ಅಲ್ಲಿಯ ಚಿಂತೆ ಮನೆಯೊಳಗಿನ ಬಿಸಿ ಹೊರಹೋಗದಂತೆ ತಡೆಯುವುದು; ನಮ್ಮ ಚಿಂತೆ ಹೊರಗಿನ ಬಿಸಿ ಒಳಬಾರದಂತೆ, ಒಳಗಿನ ಸೆಕೆ ಹೊರಹೋಗುವಂತೆ ಮಾಡುವುದು. ಆದುದರಿಂದ ಅಲ್ಲಿಯ ಅಳತೆಗೋಲು ಇಲ್ಲಿಗೆ ಒಪ್ಪುವುದಿಲ್ಲ. ಆದರೆ ಮನೆಯನ್ನು ಅಳೆಯಬಹುದು, ಅಳೆದುದನ್ನು ಬಾಡಿಗೆದಾರನಿಗೆ ತೋರಿಸಬಹುದು ಎಂಬ ತತ್ತ್ವ ಒಪ್ಪತಕ್ಕದ್ದೇ.

ಸಂಹಿತೆ ನಮ್ಮ ಮನೆಗಳಲ್ಲಿ ಏನನ್ನು ಅಳೆಯುತ್ತದೆ

ದೇಶವನ್ನು ಐದು ಹವಾಮಾನ ವಲಯಗಳಾಗಿ ವಿಂಗಡಿಸಲಾಗಿದೆ. ಬೆಂಗಳೂರು ಸಮಶೀತೋಷ್ಣ ವಲಯ. ಘಟ್ಟದ ಕೆಳಗಿನ ನಮ್ಮ ಕರಾವಳಿ ಉಷ್ಣ ಹಾಗೂ ಆರ್ದ್ರ ವಲಯ. ಬೆಂಗಳೂರಿನ ನಕ್ಷೆಯನ್ನು ಹಾಗೆಯೇ ತಂದು ಕುಂದಾಪುರದಲ್ಲಿ ಕಟ್ಟಿಸುವವರು ಈ ಒಂದು ವಾಕ್ಯವನ್ನು ಎರಡು ಬಾರಿ ಓದಬೇಕು.

ಸಂಹಿತೆಯ ಮೊದಲ ಭಾಗ ಕಟ್ಟಡದ ಹೊದಿಕೆಗೆ ಸಂಬಂಧಿಸಿದ್ದು. ಗೋಡೆ ಮತ್ತು ಕಿಟಕಿಗಳ ಮೂಲಕ ಒಳಬರುವ ಒಟ್ಟು ಉಷ್ಣವು ಹೊದಿಕೆಯ ಪ್ರತಿ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು ಎಂಬುದು ಒಂದು ನಿಯಮ. ಮಾಡಿನ ಲೆಕ್ಕ ಪ್ರತ್ಯೇಕ: ಅದರ ಉಷ್ಣವಾಹಕತೆಯ ಸೂಚಕವಾದ 'ಯು-ಮೌಲ್ಯ' 1.2ಕ್ಕಿಂತ ಹೆಚ್ಚಿರಬಾರದು. ಮೂರನೆಯದು, ತೆರೆಯಬಹುದಾದ ಕಿಟಕಿ ಬಾಗಿಲುಗಳ ವಿಸ್ತೀರ್ಣ ನೆಲದ ವಿಸ್ತೀರ್ಣದ ಇಂತಿಷ್ಟು ಭಾಗ ಇರಬೇಕು ಎಂಬುದು. 2018ರ ಸಂಹಿತೆಯನ್ನು ರೂಪಿಸಿದುದು 500 ಚದರ ಮೀಟರ್, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 12.4 ಸೆಂಟ್ಸ್ ಅಥವಾ ಅದಕ್ಕಿಂತ ದೊಡ್ಡ ನಿವೇಶನಗಳಿಗೆ. ಐದು ಸೆಂಟ್ಸ್ ಜಾಗದ ಮನೆಗೆ ಅದು ಅನ್ವಯಿಸದು. ಆದರೆ ಭೌತಶಾಸ್ತ್ರದ ನಿಯಮ ಸೆಂಟ್ಸ್ ನೋಡುವುದಿಲ್ಲ.

ಮಾಡಿನಿಂದ ಆರಂಭಿಸೋಣ. ಗಾರೆ ಬಳಿದ ಬರಿಯ ಕಾಂಕ್ರೀಟ್ ತಾರಸಿಯ ಯು-ಮೌಲ್ಯ 3ರ ಆಸುಪಾಸಿನಲ್ಲಿ ಇಲ್ಲವೇ ಅದಕ್ಕಿಂತ ಮೇಲೆ ಇರುತ್ತದೆ. 900 ಚದರಡಿ ಎಂದರೆ ಸುಮಾರು 84 ಚದರ ಮೀಟರ್. ತಾರಸಿಯ ಮೇಲಿನ ಬಿಸಿಗೂ ಕೋಣೆಯ ಗಾಳಿಗೂ 10 ಡಿಗ್ರಿ ವ್ಯತ್ಯಾಸವಿದ್ದಾಗ 3 × 84 × 10, ಅಂದರೆ ಸುಮಾರು 2,500 ವ್ಯಾಟ್ ಉಷ್ಣ ಮಾಡಿನಿಂದಲೇ ಇಳಿಯುತ್ತದೆ. ಸಂಹಿತೆಯ ಮಿತಿಯಲ್ಲಿರುವ ಮಾಡಾದರೆ ಇದು ಸುಮಾರು 1,000 ವ್ಯಾಟ್. ಒಂದೂವರೆ ಟನ್ನಿನ ಎ.ಸಿ. ಹೊರಹಾಕಬಲ್ಲ ಉಷ್ಣ ಸುಮಾರು 5,200 ವ್ಯಾಟ್. ಹಾಗಾದರೆ ಎ.ಸಿ.ಯ ಸಾಮರ್ಥ್ಯದಲ್ಲಿ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚಿನದಕ್ಕೆ ಸಮನಾದ ಉಷ್ಣವನ್ನು ನಾವು ಮಾಡಿನಲ್ಲಿ ಕೈಬಿಟ್ಟಿದ್ದೇವೆ. ಕೆಳಗಿನ ಮಹಡಿಯ ಮನೆಗೆ ಈ ತೊಂದರೆ ಇಲ್ಲ. ಒಂದೇ ಕಟ್ಟಡದಲ್ಲಿ ಕೆಳಗಿನ ಮನೆ ಬೇಗನೆ ಬಾಡಿಗೆಗೆ ಹೋಗುವುದಕ್ಕೂ ಮೇಲಿನದು ವರ್ಷಕ್ಕೊಮ್ಮೆ ಖಾಲಿಯಾಗುವುದಕ್ಕೂ ಕಾರಣ ಇಲ್ಲಿದೆ.

ಹಂಚಿನ ಮಾಡಿನ ಗುಣವನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಈ ಉದ್ದಿಮೆ ಕರಾವಳಿಯುದ್ದಕ್ಕೂ ಹಬ್ಬಿತು. ಕುಂದಾಪುರದ ಸುತ್ತಲೂ ಅನೇಕ ಕುಟುಂಬಗಳು ಅದರಿಂದ ಬದುಕಿದವು. ಹಂಚುಗಳ ಸಂದಿನಿಂದ ಬಿಸಿಗಾಳಿ ಹೊರಹೋಗುತ್ತದೆ, ಕೆಳಗಿನ ಅಟ್ಟ ಉಷ್ಣವನ್ನು ತಡೆಯುತ್ತದೆ. ಕಾಂಕ್ರೀಟು ಬಂದ ಮೇಲೆ ಹಂಚು ಹಿಂದೆ ಸರಿಯಿತು. ಈಗ ವಿಚಿತ್ರವೆಂಬಂತೆ, ಸೋರುವ ತಾರಸಿಯ ಮೇಲೆ ತಗಡಿನ ಚಪ್ಪರ ಹಾಕಿಸುವುದು ನಮ್ಮ ಮೂರೂ ತಾಲೂಕುಗಳಲ್ಲಿ ಸಾಮಾನ್ಯವಾಗಿದೆ. ಮಳೆಗಾಗಿ ಹಾಕಿಸಿದ ಈ ಚಪ್ಪರ ಬಿಸಿಲಿಗೂ ಒಳ್ಳೆಯ ಕೊಡೆಯಾಗಬಲ್ಲದು, ಆದರೆ ತಾರಸಿಗೂ ತಗಡಿಗೂ ನಡುವೆ ಆಳೆತ್ತರದ ಅಂತರವಿದ್ದು ಎರಡೂ ಬದಿ ಗಾಳಿಗೆ ತೆರೆದಿದ್ದರೆ ಮಾತ್ರ. ಸುತ್ತಲೂ ಶೀಟು ಹೊಡೆದು ಮುಚ್ಚಿ ಗೋದಾಮು ಮಾಡಿಕೊಂಡರೆ ಅದು ಕೊಡೆಯಲ್ಲ, ಒಲೆ. ಇಲ್ಲೊಂದು ಸೂಕ್ಷ್ಮವಿದೆ: ಯು-ಮೌಲ್ಯವು ಮಾಡಿನ ಪದರಗಳ ತಡೆಯನ್ನು ಅಳೆಯುವುದೇ ಹೊರತು ನೆರಳನ್ನಲ್ಲ. ಚಪ್ಪರದ ಪ್ರಯೋಜನ ಕಾಗದದ ಮೇಲಿನ ಅಂಕಿಯಲ್ಲಿ ಕಾಣಿಸದು, ಬಿಲ್ಲಿನಲ್ಲಿ ಕಾಣಿಸುತ್ತದೆ.

ಚಪ್ಪರ ಹಾಕಿಸಲಾಗದವರು ತಾರಸಿಗೆ ಬಿಳಿಯ ಪ್ರತಿಫಲಕ ಬಣ್ಣ ಬಳಿಸಬಹುದು. ಬಣ್ಣದ ವರ್ತಕರು ಗಿರಾಕಿಗೆ ಒಂದು ಮಾತನ್ನು ಮುಚ್ಚಿಡಬಾರದು: ನಮ್ಮ ಮಳೆಗೆ ಅದರ ಮೇಲೆ ಪಾಚಿ ಕಟ್ಟುತ್ತದೆ, ಕಪ್ಪಾದ ಬಿಳಿಬಣ್ಣ ಬಿಳಿಬಣ್ಣವಲ್ಲ. ಮಳೆಗಾಲ ಮುಗಿದ ಮೇಲೆ ಉಜ್ಜಿ ತೊಳೆದು, ಬೇಕಾದಲ್ಲಿ ಮರುಬಳಿಯುವ ಖರ್ಚನ್ನೂ ಸೇರಿಸಿಯೇ ದರ ಹೇಳುವುದು ಪ್ರಾಮಾಣಿಕ ವ್ಯಾಪಾರ.

ಕಿಟಕಿಯ ಆರನೆಯ ಒಂದು ಪಾಲು

ನಮ್ಮ ವಲಯದಲ್ಲಿ ತೆರೆಯಬಹುದಾದ ಕಿಟಕಿಗಳ ವಿಸ್ತೀರ್ಣ ನೆಲದ ವಿಸ್ತೀರ್ಣದ ಕನಿಷ್ಠ 16.66 ಶೇಕಡಾ, ಎಂದರೆ ಆರನೆಯ ಒಂದು ಪಾಲು ಇರಬೇಕೆಂದು ಸಂಹಿತೆ ಹೇಳುತ್ತದೆ. ಬೆಂಗಳೂರಿನ ವಲಯಕ್ಕೆ ಇದು 12.5 ಶೇಕಡಾ, ಒಣ ಬಿಸಿಲಿನ ಪ್ರದೇಶಕ್ಕೆ 10 ಶೇಕಡಾ ಮಾತ್ರ. ಕಾರಣ ಸರಳ. ನಮ್ಮಲ್ಲಿ ರಾತ್ರಿಯ ಉಷ್ಣತೆ ಹೆಚ್ಚು ಇಳಿಯುವುದಿಲ್ಲ, ಬೆವರು ಆರುವುದಿಲ್ಲ. ಮೈಮೇಲೆ ಗಾಳಿ ಹರಿದರಷ್ಟೇ ನೆಮ್ಮದಿ.

ಈಗ ಒಂದು ಲೆಕ್ಕ. 900 ಚದರಡಿಯ ಮನೆಗೆ 150 ಚದರಡಿ ತೆರಪು ಬೇಕು. ಸಾಧಾರಣ ಬಾಡಿಗೆ ಮನೆಯಲ್ಲಿ ನಾಲ್ಕು ಅಡಿ ಅಗಲ, ಐದು ಅಡಿ ಎತ್ತರದ ಆರು ಕಿಟಕಿಗಳಿದ್ದರೆ ಒಟ್ಟು 120 ಚದರಡಿ. ಆದರೆ ಎರಡು ಪಟ್ಟಿಯ ಜಾರುವ ಕಿಟಕಿ ಎಷ್ಟೇ ತೆರೆದರೂ ಅರ್ಧವೇ ತೆರೆಯುವುದರಿಂದ ಸಂಹಿತೆ ಅದನ್ನು 50 ಶೇಕಡಾ ಎಂದು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ; ಮೂರು ಪಟ್ಟಿಯದಾದರೆ 67, ಕೀಲಿನ ಮೇಲೆ ಹೊರಕ್ಕೆ ತೆರೆಯುವ ಹಳೆಯ ಮಾದರಿಯದಾದರೆ 90 ಶೇಕಡಾ. ಅಲ್ಯೂಮಿನಿಯಂ ಜಾರುಕಿಟಕಿಗಳ ಮನೆಗೆ ಸಿಗುವುದು 60 ಚದರಡಿ, ಬಾಲ್ಕನಿಯ ಬಾಗಿಲು ಸೇರಿಸಿದರೂ 80ರ ಒಳಗೆ. ಬೇಕಾದುದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು.

ಈ ತಪ್ಪನ್ನು ಈ ಲೇಖಕನೂ ಮಾಡಿದ್ದಾನೆ. ಅಂಗಡಿಯ ಮೇಲೆ ಎರಡು ಬಾಡಿಗೆ ಮನೆ ಕಟ್ಟಿಸುವಾಗ ಗಾಳಿಮಳೆಗೆ ಬಾಗಿಲು ಬಡಿದುಕೊಳ್ಳುವುದಿಲ್ಲ, ನೀರು ಸಿಡಿಯುವುದಿಲ್ಲ, ಬೆಲೆಯೂ ಹಿಡಿತದಲ್ಲಿದೆ ಎಂದು ಎಲ್ಲ ಕಡೆಯೂ ಎರಡು ಪಟ್ಟಿಯ ಜಾರುಕಿಟಕಿಗಳನ್ನು ಹಾಕಿಸಿದೆ. ಮಳೆಗಾಲದ ನಾಲ್ಕು ತಿಂಗಳನ್ನು ನೆನೆದು ಉಳಿದ ಎಂಟು ತಿಂಗಳನ್ನು ಮರೆತೆ. ಬಾಡಿಗೆದಾರರು ಬದಲಾದಂತೆ ಹೊರಗೋಡೆಗೆ ಎ.ಸಿ.ಯ ತೂತುಗಳು ಹೆಚ್ಚಿದವು. ಆಳವಾದ ಸಜ್ಜದ ಕೆಳಗೆ ಪೂರ್ತಿ ತೆರೆಯುವ ಕಿಟಕಿ, ಅದರ ಮೇಲೆ ಮಳೆಯಲ್ಲೂ ಮುಚ್ಚಬೇಕಾಗದ ಓರೆಪಟ್ಟಿಗಳ ವೆಂಟಿಲೇಟರ್ ಎಂಬ ಹಿರಿಯರ ಕ್ರಮಕ್ಕೆ ಅರ್ಥವಿತ್ತು. ನಮ್ಮ ಫ್ಯಾಬ್ರಿಕೇಶನ್ ಘಟಕಗಳು ಇದನ್ನೇ ಅಲ್ಯೂಮಿನಿಯಮ್ಮಿನಲ್ಲಿ ಅಚ್ಚುಕಟ್ಟಾಗಿ ಮಾಡಿಕೊಡಬಲ್ಲವು. ಕೇಳುವ ಗಿರಾಕಿ ಬೇಕು, ತೋರಿಸುವ ಮಾದರಿ ಬೇಕು.

ಗಾಜಿನ ವಿಷಯದಲ್ಲಿ ಒಂದು ಮಾತು. ನಮ್ಮ ಹೆದ್ದಾರಿ 66 ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿ ಸಾಗುತ್ತದೆ. ಹಾಗಾಗಿ ಹೆದ್ದಾರಿಗೆ ಮುಖ ಮಾಡಿದ ಕಟ್ಟಡವು ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಲೇಬೇಕು. ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲನ್ನು ಸಜ್ಜ ತಡೆಯಲಾರದು. ಅಂಥ ಮುಖದಲ್ಲಿ ನೆಲದಿಂದ ಮಾಡಿನವರೆಗೆ ಗಾಜು ಹಾಕಿಸಿ, ಅನಂತರ ಒಳಗೆ ಪರದೆ ಇಳಿಬಿಡುವ ಪದ್ಧತಿ ಹೆಚ್ಚುತ್ತಿದೆ. ಗಾಜನ್ನು ದಾಟಿ ಬಂದ ಬಿಸಿಲು ಪರದೆಗೆ ತಗುಲಿದರೂ ಅದರ ಉಷ್ಣ ಬಹುಪಾಲು ಒಳಗೇ ಉಳಿಯುತ್ತದೆ. ತಡೆ ಗಾಜಿನ ಹೊರಗಿರಬೇಕು.

ಪೆಟ್ಟಿಗೆಯ ಮೇಲಿನ ಅಂಕಿ

ಇನ್ನು ಸಾಧನಗಳ ನಕ್ಷತ್ರ. ಹವಾನಿಯಂತ್ರಕದ ಲೇಬಲ್ಲಿನಲ್ಲಿ ನಕ್ಷತ್ರಕ್ಕಿಂತ ಮುಖ್ಯವಾದ ಎರಡು ಅಂಕಿಗಳಿವೆ. ಒಂದು 'ಐಎಸ್‌ಇಇಆರ್' ಎಂಬ ಋತುಮಾನ ದಕ್ಷತೆಯ ಅನುಪಾತ, ಮತ್ತೊಂದು ವಾರ್ಷಿಕ ಯೂನಿಟ್ ಬಳಕೆ. ನಕ್ಷತ್ರದ ಪಟ್ಟಿ ಕಾಲಕಾಲಕ್ಕೆ ಬಿಗಿಯಾಗುವುದರಿಂದ ಹಳೆಯ ಐದು ನಕ್ಷತ್ರವೂ ಹೊಸ ಐದು ನಕ್ಷತ್ರವೂ ಒಂದೇ ಅಲ್ಲ. ಉದಾಹರಣೆಗೆ 2022ರ ಜುಲೈಯಲ್ಲಿ ಜಾರಿಗೆ ಬಂದ ಪಟ್ಟಿಯಲ್ಲಿ ಸ್ಪ್ಲಿಟ್ ಎ.ಸಿ.ಗೆ ಐದು ನಕ್ಷತ್ರ ಸಿಗಲು ಅನುಪಾತ 5 ಇರಬೇಕಾಯಿತು, ಮೂರು ನಕ್ಷತ್ರಕ್ಕೆ 3.8. ಅದಕ್ಕೆ ಮುಂಚಿನ ಐದು ನಕ್ಷತ್ರದ ಮಾದರಿಗಳು ಒಂದು ಮೆಟ್ಟಿಲು ಕೆಳಗಿಳಿದವು. ಲೇಬಲ್ಲಿನ ಮೇಲೆ ಅವಧಿ ಮುದ್ರಿತವಾಗಿರುತ್ತದೆ. ಗಿರಾಕಿಗೆ ಅದನ್ನು ತೋರಿಸಿಯೇ ಮಾರಬೇಕು.

ವಾರ್ಷಿಕ ಬಳಕೆಯ ಅಂಕಿ ವರ್ಷಕ್ಕೆ 1,600 ಗಂಟೆಗಳ, 24ರಿಂದ 43 ಡಿಗ್ರಿಯವರೆಗಿನ ಹೊರ ಉಷ್ಣತೆಯ ಲೆಕ್ಕ. ಅದು ಇಡೀ ದೇಶದ ಸರಾಸರಿ. ನಮ್ಮಲ್ಲಿ 43 ಡಿಗ್ರಿ ಬರುವುದಿಲ್ಲ, ಆದರೆ ಗಾಳಿಯಲ್ಲಿನ ನೀರನ್ನು ಹಿಂಡಿ ಹೊರಹಾಕುವ ಕೆಲಸ ಯಂತ್ರಕ್ಕೆ ಹೆಚ್ಚು. ಒಂದೂವರೆ ಟನ್ನಿನ ಯಂತ್ರದಲ್ಲಿ ಅನುಪಾತ 3.8 ಇದ್ದರೆ ಗಂಟೆಗೆ ಸರಾಸರಿ 0.64 ಯೂನಿಟ್, 5 ಇದ್ದರೆ 0.49 ಯೂನಿಟ್ ಎಂದು ಸ್ಥೂಲವಾಗಿ ಹಿಡಿಯಬಹುದು. 1,600 ಗಂಟೆಗೆ ಉಳಿತಾಯ 240 ಯೂನಿಟ್. ಯೂನಿಟ್‌ಗೆ 6 ರೂಪಾಯಿಯಂತೆ ವರ್ಷಕ್ಕೆ 1,440 ರೂಪಾಯಿ. ಬೇಸಿಗೆಯ ಮೂರು ತಿಂಗಳು ರಾತ್ರಿ ಮಾತ್ರ ಬಳಸುವ ಮನೆಯಲ್ಲಿ ಇದರ ಅರ್ಧವೂ ಉಳಿಯದು.

200 ಯೂನಿಟ್‌ನ ಗೆರೆ

ಇಲ್ಲಿಯವರೆಗೆ ಹೇಳಿದುದೆಲ್ಲ ಬಾಡಿಗೆದಾರನ ಜೇಬಿನಲ್ಲಿ ಹೇಗೆ ಕೂಡುತ್ತದೆ ಎಂಬುದನ್ನು ನೋಡಬೇಕು. 2023ರ ಆಗಸ್ಟ್ ಬಿಲ್ಲಿನಿಂದ ಆರಂಭವಾದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಮನೆಯ ಹಿಂದಿನ ಸರಾಸರಿಯ ಆಧಾರದ ಮೇಲೆ ಅರ್ಹ ಯೂನಿಟ್ ನಿಗದಿಯಾಗಿ, ಅದನ್ನು ಮೀರಿದ ಭಾಗಕ್ಕೆ ಹಣ ಕಟ್ಟಬೇಕಾಗುತ್ತದೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ಣ ಬಿಲ್ಲನ್ನೇ ಕಟ್ಟಬೇಕು. 199ಕ್ಕೂ 201ಕ್ಕೂ ನಡುವೆ ಎರಡು ಯೂನಿಟ್‌ನ ಅಂತರವಲ್ಲ, ಒಂದು ಸಾವಿರಕ್ಕೂ ಮಿಕ್ಕಿದ ಅಂತರವಿರಬಹುದು.

ಗೀಸರ್ ಇಲ್ಲದ, ಬಚ್ಚಲ ಒಲೆ ಅಥವಾ ಸೋಲಾರ್ ಇರುವ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಿ. ಮೂರು ಹಳೆಯ ಫ್ಯಾನುಗಳು, ತಲಾ 75 ವ್ಯಾಟ್, ದಿನಕ್ಕೆ 12 ಗಂಟೆ: ತಿಂಗಳಿಗೆ 81 ಯೂನಿಟ್. ಫ್ರಿಜ್, ದೀಪ, ಮಿಕ್ಸಿ, ಟಿ.ವಿ. ಸೇರಿ 59. ಒಟ್ಟು 140. ಏಪ್ರಿಲ್‌ನಲ್ಲಿ ರಾತ್ರಿ ಎಂಟು ಗಂಟೆ ಎ.ಸಿ. ಓಡಿದರೆ ತಿಂಗಳಿಗೆ 240 ಗಂಟೆ. ಮೂರು ನಕ್ಷತ್ರದ ಯಂತ್ರ 154 ಯೂನಿಟ್ ಸೇರಿಸಿ ಬಿಲ್ಲನ್ನು 294ಕ್ಕೆ ಒಯ್ಯುತ್ತದೆ. ಹೆಚ್ಚು ಹಣ ಕೊಟ್ಟು ಐದು ನಕ್ಷತ್ರದ್ದನ್ನು ತಂದರೆ 258. ಗೆರೆ ಇನ್ನೂ ದೂರವೇ ಇದೆ. ಈಗ ಮೂರೂ ಫ್ಯಾನುಗಳನ್ನು 30 ವ್ಯಾಟಿನ ಬಿಎಲ್‌ಡಿಸಿ ಮಾದರಿಗೆ ಬದಲಿಸಿದರೆ 81 ಯೂನಿಟ್ 32ಕ್ಕೆ ಇಳಿದು ಒಟ್ಟು 209 ಆಗುತ್ತದೆ. ಗೆರೆಯ ಅಂಚಿಗೆ ಬಂದೆವು, ದಾಟಲಿಲ್ಲ. ಕೊನೆಯದಾಗಿ ಮಾಡಿಗೆ ನೆರಳು ಬಿದ್ದು, ಕಿಟಕಿಯಲ್ಲಿ ಗಾಳಿಯಾಡಿ, ಎ.ಸಿ. ಎಂಟರ ಬದಲು ಆರು ಗಂಟೆ ಸಾಕಾದರೆ ಒಟ್ಟು 179.

ಗಮನಿಸಬೇಕಾದುದು ಖರ್ಚು ಯಾರದೆಂಬುದು. ಎ.ಸಿ. ಬಾಡಿಗೆದಾರನದು, ಫ್ಯಾನು ಸಾಮಾನ್ಯವಾಗಿ ಮಾಲಕನದು, ಮಾಡು ಕಿಟಕಿಗಳು ಖಂಡಿತವಾಗಿಯೂ ಮಾಲಕನವು. ಬಿಲ್ಲು ಮಾತ್ರ ಬಾಡಿಗೆದಾರನದು. ಖರ್ಚು ಮಾಡಬೇಕಾದವನಿಗೆ ಉಳಿತಾಯ ಸಿಗದು, ಉಳಿತಾಯ ಬೇಕಾದವನಿಗೆ ಕಟ್ಟಡ ಮುಟ್ಟುವ ಅಧಿಕಾರವಿಲ್ಲ. ಬಾಡಿಗೆ ಮನೆಗಳು ಸ್ವಂತ ಮನೆಗಳಿಗಿಂತ ಹಿಂದೆ ಬೀಳಲು ಈ ಗಂಟು ಒಂದು ಕಾರಣ. ಬಿಡಿಸುವ ದಾರಿ ಕರಾರಿನಲ್ಲಿದೆ. ಮಾಲಕನು ಚಪ್ಪರಕ್ಕೂ ಫ್ಯಾನಿಗೂ ಹಣ ಹಾಕಿ, ಬಾಡಿಗೆಯಲ್ಲಿ ಇನ್ನೂರು ಮುನ್ನೂರು ರೂಪಾಯಿ ಏರಿಸಿದರೆ ಬಿಲ್ಲಿನಲ್ಲಿ ಅದಕ್ಕಿಂತ ಹೆಚ್ಚು ಉಳಿಸಿಕೊಳ್ಳುವ ಬಾಡಿಗೆದಾರ ತಕರಾರು ಮಾಡುವುದಿಲ್ಲ. ಮನೆ ಖಾಲಿ ಬಿದ್ದ ಒಂದೆರಡು ತಿಂಗಳ ನಷ್ಟವನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಮುಂಬಯಿ, ಬೆಂಗಳೂರುಗಳಲ್ಲಿದ್ದು ಊರಿನ ಮನೆಯನ್ನು ಬಾಡಿಗೆಗೆ ಕೊಟ್ಟಿರುವ ಮಾಲಕರಿಗೂ ಅನುಕೂಲವಾಗುವ ಒಂದು ಸರಳ ವಿಧಾನವಿದೆ. ಪ್ರತಿ ಮನೆಯ ಹನ್ನೆರಡು ತಿಂಗಳ ಬಿಲ್ಲುಗಳ ಯೂನಿಟ್‌ಗಳನ್ನು ಕೂಡಿಸಿ, ಚದರ ಮೀಟರಿನಲ್ಲಿ ಮನೆಯ ವಿಸ್ತೀರ್ಣದಿಂದ ಭಾಗಿಸಿರಿ. ವರ್ಷಕ್ಕೆ 2,100 ಯೂನಿಟ್ ಬಳಸುವ 84 ಚದರ ಮೀಟರಿನ ಮನೆಗೆ ಉತ್ತರ 25. ಸರಕಾರಿ ಲೇಬಲ್ ಕೂಡ ಚದರ ಮೀಟರಿಗೆ ವಾರ್ಷಿಕ ಯೂನಿಟ್ ಎಂಬ ಮಾನದಲ್ಲಿಯೇ ನಿಂತಿದೆ, ಆದರೆ ಅದು ನಿಗದಿತ ಊಹೆಗಳ ಮೇಲಿನ ಲೆಕ್ಕ. ನಮ್ಮದು ನಿಜವಾಗಿ ಉರಿದ ಯೂನಿಟ್‌ಗಳ ಲೆಕ್ಕ. ಹಾಗಾಗಿ ಎರಡನ್ನೂ ಒಂದಕ್ಕೊಂದು ತಾಳೆ ನೋಡಬಾರದು. ನಿಮ್ಮದೇ ಕಟ್ಟಡದ ಕೆಳಗಿನ ಮನೆಯನ್ನೂ ಮೇಲಿನ ಮನೆಯನ್ನೂ ತಾಳೆ ನೋಡಲು ಇದು ಸಾಕು. ಜನಸಂಖ್ಯೆ, ಉಪಕರಣಗಳು ಹೆಚ್ಚುಕಡಿಮೆ ಸಮನಾಗಿದ್ದೂ ಮೇಲಿನ ಮನೆಯ ಅಂಕಿ ಹೆಚ್ಚಿದ್ದರೆ, ಮಾರ್ಚ್, ಏಪ್ರಿಲ್, ಮೇ ತಿಂಗಳ ಬಿಲ್ಲುಗಳನ್ನು ಮಾತ್ರ ಬೇರ್ಪಡಿಸಿ ಮತ್ತೊಮ್ಮೆ ನೋಡಿರಿ. ವ್ಯತ್ಯಾಸ ಆ ಮೂರು ತಿಂಗಳಲ್ಲೇ ಗುಂಪುಗೂಡಿದ್ದರೆ ಕೆಲಸ ಆರಂಭಿಸಬೇಕಾದುದು ತಾರಸಿಯಿಂದ. ವರ್ಷವಿಡೀ ಹರಡಿದ್ದರೆ ಫ್ಯಾನು ಮತ್ತು ಫ್ರಿಜ್ಜಿನಿಂದ.